ಡಾಕ್ಟರೇಟ್ ಆಯಿತು, ಮುಂದೇನು?

ನಮ್ಮ ಮುಂಬಯಿ ಕನ್ನಡಿಗರಿಗೆ ಸನ್ಮಾನ ಮಾಡುವುದೆಂದರೆ ಬಹಳ ಉತ್ಸಾಹ. ನಮ್ಮವರಲ್ಲಿ ಯಾರಿಗಾದರೂ ಪಿಎಚ್.ಡಿ. ಬಂತು ಅಂತ ಗೊತ್ತಾದರೆ ಸಾಕು, ಮಾಟುಂಗಾದಿಂದ ಡೊಂಬಿವಲಿವರೆಗೆ ಸಂಘ ಸಂಘದಲ್ಲೂ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಮೈಕಿನ ಮುಂದೆ ನಾಲ್ಕು ಜನ ನಿಂತು ಇವರು ನಮ್ಮ ಹೆಮ್ಮೆ ಅನ್ನುತ್ತಾರೆ. ಒಳ್ಳೆಯದೇ. ಐದಾರು ವರ್ಷ ಲೈಬ್ರರಿಯ ಧೂಳು ಕುಡಿದವರಿಗೆ ಒಂದು ಹಾರವಾದರೂ ಬೇಡವೇ? ಆದರೆ ಆ ಸಭೆಗಳಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಭಾನುವಾರದ ಸಭೆ ಮುಗಿದು ಸೋಮವಾರ ಬೆಳಗಾದರೆ ಈ ಹೊಸ ಡಾಕ್ಟರು ಎಲ್ಲಿಗೆ ಹೋಗುತ್ತಾರೆ? ಅವರು ಕಷ್ಟಪಟ್ಟು ಕಲಿತ ಸಂಶೋಧನೆಯ ಕೆಲಸವನ್ನು ಮುಂದೆ ಮಾಡಿಸಿಕೊಂಡು ಅದಕ್ಕೆ ಸಂಬಳ ಕೊಡುವವರು ಯಾರು?

ಕಾಮರ್ಸ್ ಓದುವ ಹುಡುಗನಿಗೆ ಈ ಉಸಾಬರಿ ಏಕೆ ಅಂತ ಕೆಲವು ಮಿತ್ರರು ನಗಬಹುದು. ನಾನು ಪಿಎಚ್.ಡಿ. ಮಾಡಲು ಹೊರಟವನಲ್ಲ. ಬಿ.ಕಾಂ. ಮುಗಿಸಿ ಕೆಲಸ ಹುಡುಕುವವನು. ಆದರೆ ಜಮಾ-ಖರ್ಚು ನೋಡುವುದು ನನಗೆ ಕಲಿಸಿದ ವಿದ್ಯೆ. ಈ ವಿಷಯದಲ್ಲಿ ನಮ್ಮವರು ಭಾಷಣ ಬೇಕಾದಷ್ಟು ಮಾಡಿದ್ದಾರೆ, ಲೆಕ್ಕ ಮಾತ್ರ ಬರೆದು ತೋರಿಸಿಲ್ಲ. ಅದನ್ನೇ ಇಲ್ಲಿ ಬರೆಯಲು ಪ್ರಯತ್ನಿಸುತ್ತೇನೆ.

ಮೊದಲು ಹೆಸರಿನ ವಿಚಾರ. ಪಿಎಚ್.ಡಿ. ಆದ ಮೇಲೆ, ಕಾಯಂ ಪ್ರಾಧ್ಯಾಪಕ ಹುದ್ದೆ ಸಿಗುವ ಮುಂಚೆ, ವಿಶ್ವವಿದ್ಯಾನಿಲಯದಲ್ಲೋ ಸಂಶೋಧನ ಸಂಸ್ಥೆಯಲ್ಲೋ ಎರಡು ಮೂರು ವರ್ಷ ಸಂಶೋಧನೆಯನ್ನೇ ಉದ್ಯೋಗವಾಗಿ ಮಾಡುವ ತಾತ್ಕಾಲಿಕ ಕೆಲಸಕ್ಕೆ ಪೋಸ್ಟ್ ಡಾಕ್ಟೊರಲ್ ಅನ್ನುತ್ತಾರೆ. ವಿಜ್ಞಾನದವರ ಬಾಯಲ್ಲಿ ಅದು ಬರೇ 'ಪೋಸ್ಟ್ ಡಾಕ್'. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ರಾಕ್‌ಫೆಲರ್ ಫೌಂಡೇಶನ್ನಿನ ಹಣದಿಂದ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಇಂಥ ಫೆಲೋಶಿಪ್ಪುಗಳನ್ನು 1919ರಲ್ಲಿಯೇ ಶುರುಮಾಡಿತ್ತು. ಉದ್ದೇಶ ಸರಳ. ಪದವಿ ಪಡೆದ ಕೂಡಲೇ ಪಾಠ, ಪೇಪರ್ ತಿದ್ದುವುದು, ಕಮಿಟಿ ಕೆಲಸ ಎಂದು ಚದುರಿಹೋಗದೆ, ಬುದ್ಧಿ ಚುರುಕಾಗಿರುವ ವಯಸ್ಸಿನಲ್ಲಿ ನಾಲ್ಕು ದಿನ ನಿಶ್ಚಿಂತೆಯಿಂದ ಸಂಶೋಧನೆ ಮಾಡಲಿ ಅಂತ. ಈ 'ನಿಶ್ಚಿಂತೆ' ಎಂಬ ಶಬ್ದವನ್ನು ಓದುಗರು ಗಮನದಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಎರಡು ದಾರಿಯಿಂದ ಸಿಗುತ್ತದೆ. ಒಂದು, ಅಭ್ಯರ್ಥಿಯೇ ಅರ್ಜಿ ಹಾಕಿ ತನ್ನ ಹೆಸರಿನಲ್ಲಿ ತರುವ ಫೆಲೋಶಿಪ್ಪು. ಇನ್ನೊಂದು, ಯಾರೋ ಪ್ರಾಧ್ಯಾಪಕರಿಗೆ ಮಂಜೂರಾದ ಯೋಜನೆಯಲ್ಲಿ 'ರಿಸರ್ಚ್ ಅಸೋಸಿಯೇಟ್' ಎಂಬ ಹುದ್ದೆ. ಮೊದಲನೆಯದರಲ್ಲಿ ವಿಷಯ ನಿಮ್ಮದು. ಎರಡನೆಯದರಲ್ಲಿ ವಿಷಯ ಅವರದು, ದುಡಿಮೆ ನಿಮ್ಮದು.

ಹಣದ ಮಾತಿಗೆ ಬರೋಣ. 2022ರ ಶಿಕ್ಷಕರ ದಿನದಂದು ಯು.ಜಿ.ಸಿ. ಪ್ರಕಟಿಸಿದ ಡಾ. ರಾಧಾಕೃಷ್ಣನ್ ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್ಪಿನಲ್ಲಿ ಇಡೀ ದೇಶಕ್ಕೆ 900 ಜಾಗ. ತಿಂಗಳಿಗೆ 50,000 ರೂಪಾಯಿ, ಪುಸ್ತಕ ಪ್ರವಾಸ ಇತ್ಯಾದಿಗಳಿಗೆ ವರ್ಷಕ್ಕೆ ಇನ್ನೊಂದು 50,000. ವಿಜ್ಞಾನ, ಎಂಜಿನಿಯರಿಂಗ್, ಸಮಾಜವಿಜ್ಞಾನ, ಭಾಷೆಗಳು ಎಲ್ಲವೂ ಅದರೊಳಗೇ ಸೇರಬೇಕು. ಯೋಜನೆಗಳಲ್ಲಿ ದುಡಿಯುವ ರಿಸರ್ಚ್ ಅಸೋಸಿಯೇಟರಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರ ಜನವರಿಯಿಂದ ಜಾರಿಗೆ ಬರುವಂತೆ ಗೊತ್ತುಮಾಡಿದ ದರ ಮೊದಲ ಹಂತಕ್ಕೆ 58,000, ಎರಡನೆಯದಕ್ಕೆ 61,000, ಮೂರನೆಯದಕ್ಕೆ 67,000. ಮನೆ ಬಾಡಿಗೆ ಭತ್ಯೆ ಬೇರೆ.

ಈಗ ಏಳನೆಯ ವೇತನ ಆಯೋಗದ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ನೋಡಿ: 57,700. ಅಂದರೆ ಮೇಲ್ನೋಟಕ್ಕೆ ರಿಸರ್ಚ್ ಅಸೋಸಿಯೇಟರೇ 300 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ! ಇಲ್ಲಿಯೇ ಲೆಕ್ಕ ಓದಲು ಬಾರದವರು ಮೋಸಹೋಗುವುದು. ಪ್ರಾಧ್ಯಾಪಕರ 57,700ರ ಮೇಲೆ ತುಟ್ಟಿಭತ್ಯೆ ಕೂಡುತ್ತದೆ, ವರ್ಷಕ್ಕೆ ನೂರಕ್ಕೆ ಮೂರರಂತೆ ಇನ್‌ಕ್ರಿಮೆಂಟು ಕೂಡುತ್ತದೆ, ನಿವೃತ್ತಿಯ ಹೊತ್ತಿಗೆಂದು ಒಂದು ಪಾಲು ಕೂಡುತ್ತಾ ಹೋಗುತ್ತದೆ. ಪೋಸ್ಟ್ ಡಾಕ್‌ನದು ಒಟ್ಟು ಮೊತ್ತ. ತುಟ್ಟಿಭತ್ಯೆ ಇಲ್ಲ. ಫೆಲೋಶಿಪ್ ಎಂದರೆ ಸಂಬಳವಲ್ಲ ಅಂತ ಸಾಮಾನ್ಯವಾಗಿ ಪಿ.ಎಫ್. ಕೂಡ ಇಲ್ಲ. ಒಂದು ಖಾತೆಯಲ್ಲಿ ಅಸಲು ಬೆಳೆಯುತ್ತದೆ, ಇನ್ನೊಂದರಲ್ಲಿ ಬಂದದ್ದು ಬಂದ ಹಾಗೇ ಬಾಡಿಗೆಗೂ ಲೋಕಲ್ ಪಾಸಿಗೂ ಹೋಗುತ್ತದೆ.

ಜಾಹೀರಾತುಗಳ ಭಾಷೆಯನ್ನೂ ಒಮ್ಮೆ ಓದಬೇಕು. 'ಈ ಹುದ್ದೆ ಕೇವಲ ತಾತ್ಕಾಲಿಕ.' 'ಯೋಜನೆ ಮುಗಿದೊಡನೆ ಹುದ್ದೆಯೂ ಮುಗಿಯುತ್ತದೆ.' 'ಕಾಯಂ ಮಾಡಿಕೊಳ್ಳಬೇಕೆಂದು ಹಕ್ಕು ಸಾಧಿಸುವಂತಿಲ್ಲ.' 'ಸಂದರ್ಶನಕ್ಕೆ ಬರುವ ಖರ್ಚು ಕೊಡಲಾಗುವುದಿಲ್ಲ.' ಮೂವತ್ತು ದಾಟಿದ, ಮನೆ ಮಕ್ಕಳು ಇರುವ ಒಬ್ಬ ವಿದ್ವಾಂಸನನ್ನು ಕರೆಯುವ ಕಾಗದ ಇದು. ಹೋಟೆಲಿಗೆ ಹುಡುಗರನ್ನು ಸೇರಿಸಿಕೊಳ್ಳುವ ನಮ್ಮ ಊರಿನ ಶೆಟ್ಟರು ಕೂಡ ಇದಕ್ಕಿಂತ ಮೆತ್ತಗೆ ಮಾತಾಡುತ್ತಾರೆ; ಊಟ, ಮಲಗಲು ಜಾಗ ಅಂತಲಾದರೂ ಮೊದಲು ಹೇಳುತ್ತಾರೆ.

ನನ್ನ ಸಹಪಾಠಿಗಳಿಗೆ ಅರ್ಥವಾಗುವ ಹೋಲಿಕೆ ಕೊಡುತ್ತೇನೆ. ಸಿ.ಎ. ಮಾಡುವವರು ಆರ್ಟಿಕಲ್‌ಶಿಪ್ ಮಾಡುತ್ತಾರೆ. ಮೊದಲು ಅದು ಮೂರು ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷ ಮಾಡಿದರು. ಸ್ಟೈಪೆಂಡು ಕಡಿಮೆ, ಕೆಲಸ ಕತ್ತೆಚಾಕರಿ, ಯಾರೂ ಅಲ್ಲ ಅನ್ನುವುದಿಲ್ಲ. ಆದರೂ ಹುಡುಗರು ಸಹಿಸುತ್ತಾರೆ. ಏಕೆಂದರೆ ಇಷ್ಟು ವರ್ಷ, ಆಮೇಲೆ ಇಂಥ ಪರೀಕ್ಷೆ, ಪಾಸಾದರೆ ಹೆಸರಿನ ಮುಂದೆ ಎರಡು ಅಕ್ಷರ ಅಂತ ಮುಂಚೆಯೇ ಗೊತ್ತು. ಪೋಸ್ಟ್ ಡಾಕ್ ಮುಗಿದರೆ ಏನು? ಪರೀಕ್ಷೆ ಇಲ್ಲ, ಪದವಿ ಇಲ್ಲ. ಯು.ಜಿ.ಸಿ.ಯ 2018ರ ನಿಯಮಾವಳಿ ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಜನರನ್ನು ಆರಿಸಲು ಒಂದು ಅಂಕಪಟ್ಟಿ ಮಾಡಿತು. ಅದರಲ್ಲಿ ಪಿಎಚ್.ಡಿ.ಗೆ 30 ಅಂಕ. ಪಾಠ ಮಾಡಿದ ಅಥವಾ ಪೋಸ್ಟ್ ಡಾಕ್ ಮಾಡಿದ ಅನುಭವಕ್ಕೆ ವರ್ಷಕ್ಕೆ 2 ಅಂಕ, ಹೆಚ್ಚೆಂದರೆ 10. ಅಂದರೆ ಎರಡು ವರ್ಷದ ಸಂಶೋಧನೆಗೆ 4 ಅಂಕ. ಅದೂ ಸಂದರ್ಶನದ ಬಾಗಿಲವರೆಗೆ ಮಾತ್ರ.

ಇಷ್ಟೆಲ್ಲ ಹೇಳಿದ್ದರಿಂದ ಪೋಸ್ಟ್ ಡಾಕ್ ಕೆಟ್ಟದ್ದು, ಯಾರೂ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ ಅಂತ ತಿಳಿಯಬಾರದು. ನನ್ನ ಮಾತು ಅದಕ್ಕೆ ತದ್ವಿರುದ್ಧ. ಈ ಕೆಲಸ ಬೇಕು. ಕನ್ನಡಕ್ಕೆ ಬೇಕು, ಅದರಲ್ಲೂ ಮುಂಬಯಿಯ ಕನ್ನಡಕ್ಕೆ ಬಹಳ ಬೇಕು. ಆದರೆ ದಿಲ್ಲಿಯಿಂದ ಬರುವ 900ರಲ್ಲಿ ನಮಗೊಂದು ಬಿದ್ದೀತೇ ಅಂತ ಬಾಯಿ ತೆರೆದು ಕುಳಿತರೆ ಆಗುವುದಿಲ್ಲ. ಒಂದು ಜಾಗವನ್ನು ನಾವೇ ಹುಟ್ಟಿಸಬೇಕು, ಅದನ್ನು ಮರ್ಯಾದೆಯ ಉದ್ಯೋಗವಾಗಿ ಹುಟ್ಟಿಸಬೇಕು. ಇದೇ ಈ ಲೇಖನದ ಮುಖ್ಯ ಮಾತು.

ಕಲೀನಾದ ವಿದ್ಯಾನಗರಿಯಲ್ಲಿ ನಮ್ಮ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗ ಇದೆ. ಎಂ.ಎ. ಇದೆ, ಪಿಎಚ್.ಡಿ. ಇದೆ. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಪ್ರೂಫ್ ನೋಡಿ ಪಿಎಚ್.ಡಿ. ಮುಗಿಸಿದವರನ್ನು ನಾವೆಲ್ಲ ಬಲ್ಲೆವು. ಆಮೇಲೆ? ಈ ಊರಿನ ಕಾಲೇಜುಗಳಲ್ಲಿ ಕನ್ನಡದ ಕಾಯಂ ಹುದ್ದೆಗಳು ಬೆರಳೆಣಿಕೆ. ಉಳಿದದ್ದು ತಾಸಿಗಿಷ್ಟು ಅಂತ ಕೊಡುವ ಪಾಠದ ಕೆಲಸ. ಪರೀಕ್ಷೆ, ರಜೆ ಬಂತೆಂದರೆ ತಾಸೂ ಇಲ್ಲ, ಕಾಸೂ ಇಲ್ಲ. ಮೇಲಾಗಿ 2023ರ ತಿದ್ದುಪಡಿಯಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ನೆಟ್ ಅಥವಾ ಸೆಟ್ ಸಾಕು, ಪಿಎಚ್.ಡಿ. ಕಡ್ಡಾಯವಲ್ಲ ಎಂದಾಯಿತು. ಹಾಗಾಗಿ ಪದವಿ ಕೈಗೆ ಬಂದರೆ ಕೆಲಸ ತಾನಾಗಿ ಬರುತ್ತದೆ ಎನ್ನುವ ಕಾಲ ಇದಲ್ಲ.

ನಾನು ಅಕ್ಕ ಎಂದು ಕರೆಯುವ ಒಬ್ಬರಿದ್ದಾರೆ. ಹೆಸರು ಬೇಡ, ಸಂಸ್ಥೆಯ ಹೆಸರೂ ಬೇಡ. ಪಿಎಚ್.ಡಿ. ಆದ ಮೇಲೆ ಒಂದು ಯೋಜನೆಯಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷದ ಯೋಜನೆ. ಅದರಲ್ಲಿ ಐದು ತಿಂಗಳ ಹಣ ಸಮಯಕ್ಕೆ ಬರಲೇ ಇಲ್ಲ. ಮೇಲಿನಿಂದ ಬಂದಿಲ್ಲ, ಫೈಲು ಸಹಿಗೆ ಹೋಗಿದೆ ಎಂಬ ಉತ್ತರ. ಅಷ್ಟು ತಿಂಗಳು ಅವರು ಹತ್ತನೆಯ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳಿ ಮನೆ ನಡೆಸಿದರು. ಯೋಜನೆ ಮುಗಿದ ಮೇಲೆ ಅಂಧೇರಿಯ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತರು. ಹಳೆಯ ಕನ್ನಡಿಗರನ್ನು ಮಾತಾಡಿಸಿ ಬರೆದುಕೊಂಡ ಐದು ಕಟ್ಟು ಟಿಪ್ಪಣಿ ಮನೆಯ ಅಟ್ಟದ ಮೇಲಿದೆ. "ಅಕ್ಕಾ, ಅದನ್ನು ಪುಸ್ತಕ ಮಾಡಬಾರದಾ?" ಅಂತ ಕೇಳಿದೆ. "ಮಾಡಬಹುದು ಮಾರಾಯಾ, ಅದಕ್ಕೆ ಒಂದು ವರ್ಷ ಕೂತುಕೊಳ್ಳಬೇಕು. ಕೂತುಕೊಂಡರೆ ಬಾಡಿಗೆ ಯಾರು ಕಟ್ಟುತ್ತಾರೆ?" ಅಂದರು. ನಾನು ಮುಂದೆ ಮಾತಾಡಲಿಲ್ಲ.

ಇಂಥವರು ಕುಳಿತು ಮಾಡಬೇಕಾದ ಕೆಲಸ ಈ ಊರಿನಲ್ಲಿ ರಾಶಿ ಬಿದ್ದಿದೆ. ಒಂದೆರಡು ಹೇಳುತ್ತೇನೆ. ಮುಂಬಯಿಯ ಉಡುಪಿ ಹೋಟೆಲುಗಳ ಬಗ್ಗೆ ಇಡ್ಲಿ ದೋಸೆಯ ರುಚಿ ಬರೆದವರು ಬಹಳ. ಮಾಟುಂಗಾದಲ್ಲಿ ರಾಮ ನಾಯಕರು ಬೋರ್ಡಿಂಗು ತೆರೆದದ್ದು 1942ರಲ್ಲಿ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಕಾಲದ ಹೋಟೆಲುಗಳ ಕೀರ್ದಿ ಪುಸ್ತಕ, ಖಾತೆ ಪುಸ್ತಕ ಎಲ್ಲಿವೆ? ಹುಡುಗರಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದರು, ಊರಿಗೆ ಎಷ್ಟು ಮನಿಯಾರ್ಡರು ಹೋಗುತ್ತಿತ್ತು, ಅಕ್ಕಿ ಯಾವ ಪೇಟೆಯಿಂದ ಬರುತ್ತಿತ್ತು, ಕನ್ನಡದ ಲೆಕ್ಕದೊಳಗೆ ಮರಾಠಿ ಗುಜರಾತಿ ಶಬ್ದಗಳು ಹೇಗೆ ಬಂದು ಕುಳಿತವು? ಅದು ಬರೇ ಲೆಕ್ಕವಲ್ಲ, ನಮ್ಮ ಚರಿತ್ರೆ. ಮಾಲೀಕರು ಬದಲಾದಾಗ, ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದಾಗ ಅಂಥ ಪುಸ್ತಕಗಳು ಮೊದಲು ಹೋಗುವುದು ರದ್ದಿಯವನ ತಕ್ಕಡಿಗೆ.

ಎರಡನೆಯದು ರಾತ್ರಿಶಾಲೆಗಳು. ಹಗಲಿಡೀ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತು ಮ್ಯಾಟ್ರಿಕ್ ಪಾಸಾದವರೇ ಮುಂದೆ ಸಂಘ ಕಟ್ಟಿದರು, ಪತ್ರಿಕೆ ನಡೆಸಿದರು. ಆ ಶಾಲೆಗಳ ಹಾಜರಿ ಪುಸ್ತಕದಲ್ಲಿ ಹುಡುಗನ ಊರು, ಜಾತಿ, ಕೆಲಸ, ಬಿಟ್ಟುಹೋದ ದಿನ ಎಲ್ಲ ಇರುತ್ತದೆ. ನಾನೇ ಓದಿದ ಮುನಿಸಿಪಾಲಿಟಿ ಕನ್ನಡ ಶಾಲೆಯ ಹಳೆಯ ರಿಜಿಸ್ಟರಿನಲ್ಲಿ ವಿಜಾಪುರ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದವರ ಮಕ್ಕಳ ಹೆಸರು ಪುಟಗಟ್ಟಲೆ ಇವೆ. ಮುಂಬಯಿ ಕನ್ನಡಿಗ ಅಂದರೆ ಹೋಟೆಲಿನವರು ಮತ್ತು ಬ್ಯಾಂಕಿನವರು ಮಾತ್ರ ಅಂತ ತಿಳಿದವರು ಆ ರಿಜಿಸ್ಟರು ನೋಡಬೇಕು.

ಮೂರನೆಯದು ಬ್ಯಾಂಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಹುಟ್ಟಿದವು. ಈ ಬ್ಯಾಂಕುಗಳ ಕೆಲಸದಿಂದ ಮುಂಬಯಿಗೆ ಬಂದ ಕನ್ನಡಿಗ ಸಂಸಾರಗಳು ಎಷ್ಟೋ! 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಬೋರ್ಡು ಇಳಿಯಿತು. ಆ ಶಾಖೆಗಳಲ್ಲಿ ನಾಟಕ ಮಾಡಿದವರು, ಕಥೆ ಬರೆದವರು, ಯೂನಿಯನ್ ಕಟ್ಟಿದವರು ಈಗ ಎಪ್ಪತ್ತು ಎಂಬತ್ತರಲ್ಲಿದ್ದಾರೆ. ಅವರನ್ನು ಕೇಳಿ ಬರೆದಿಡುವುದಿದ್ದರೆ ಈಗ, ಇಲ್ಲವಾದರೆ ಎಂದೂ ಇಲ್ಲ.

ಇದನ್ನು ಪಿಎಚ್.ಡಿ. ವಿದ್ಯಾರ್ಥಿಗಳೇ ಮಾಡಲಿ ಅನ್ನಬಹುದು. ಅವರಿಗೆ ಒಂದು ಕಿರಿದಾದ ವಿಷಯ, ಒಂದು ಗಡುವು ಇರುತ್ತದೆ. ಪ್ರಬಂಧ ಮುಗಿಸುವುದೇ ಅವರ ಚಿಂತೆ, ಅದು ತಪ್ಪಲ್ಲ. ಹತ್ತು ಕಡೆ ಅಲೆದು, ಕಾಗದ ಹುಡುಕಿ, ಪಟ್ಟಿ ಮಾಡಿ, ಯಾವುದು ಮುಖ್ಯ ಯಾವುದು ಅಲ್ಲ ಅಂತ ಗುರುತಿಸಲು ಪಳಗಿದ ಕೈ ಬೇಕು. ಅದಕ್ಕೇ ಪೋಸ್ಟ್ ಡಾಕ್ ಬೇಕು ಅನ್ನುವುದು.

ಇನ್ನು ನನ್ನ ಲೆಕ್ಕ. ಯು.ಜಿ.ಸಿ.ಯ ದರವನ್ನೇ ಹಿಡಿಯೋಣ. ತಿಂಗಳಿಗೆ 50,000ರಂತೆ ವರ್ಷಕ್ಕೆ 6 ಲಕ್ಷ. ಇತರ ಖರ್ಚಿಗೆ 50,000. ಒಟ್ಟು ಆರೂವರೆ ಲಕ್ಷ. ಇದು ಶಾಶ್ವತವಾಗಿ ನಡೆಯಬೇಕು ಅಂದರೆ, ನೂರಕ್ಕೆ ಆರೂವರೆ ಬಡ್ಡಿ ಅಂತ ಇಟ್ಟುಕೊಂಡರೂ ಒಂದು ಕೋಟಿ ರೂಪಾಯಿಯ ದತ್ತಿ ಬೇಕು. ಬಡ್ಡಿ ಪೂರ್ತಿ ಖರ್ಚಾದರೆ ಬೆಲೆ ಏರಿದ ಹಾಗೆ ಹತ್ತು ವರ್ಷದಲ್ಲಿ ಆ ದತ್ತಿ ಸೊರಗುತ್ತದೆ, ಆದ್ದರಿಂದ ಕೋಟಿಯೂ ಸಾಲದು. ಒಂದು ಕೋಟಿ ಅಂದ ಕೂಡಲೇ ಸಭೆಯಲ್ಲಿ ಅರ್ಧ ಜನ ಚಪ್ಪಲಿ ಹುಡುಕುತ್ತಾರೆ ಅಂತ ನನಗೆ ಗೊತ್ತು. ಹಾಗಾದರೆ ಶಾಶ್ವತದ ಮಾತು ಬಿಡಿ. ಒಬ್ಬ ವ್ಯಕ್ತಿ, ಎರಡು ವರ್ಷ, ಒಟ್ಟು 13 ಲಕ್ಷ. ಹತ್ತು ಸಾವಿರದಂತೆ 130 ಜನ ಕೊಟ್ಟರೆ ಮುಗಿಯಿತು. ಅಥವಾ ಐವತ್ತು ಸಾವಿರದಂತೆ 26 ಸಂಘಗಳು. ಮುಂಬಯಿಯಲ್ಲಿ 26 ಕನ್ನಡ ಸಂಘಗಳಿಗೆ ಬರಗಾಲವೇ? ವಾರ್ಷಿಕೋತ್ಸವದ ಪೆಂಡಾಲು, ಬೆಳ್ಳಿಯ ಸ್ಮರಣಿಕೆ, ಊರಿನಿಂದ ಬರುವ ಅತಿಥಿಯ ವಿಮಾನ ಖರ್ಚು ಇವುಗಳಲ್ಲಿ ಸ್ವಲ್ಪ ಹಿಡಿದರೆ ಸಾಕು. ದತ್ತಿ ಉಪನ್ಯಾಸಗಳನ್ನು ನಡೆಸುವ ಒಳ್ಳೆಯ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಒಂದು ಗಂಟೆಯ ಉಪನ್ಯಾಸಕ್ಕೆ ದತ್ತಿ ಇಡಬಲ್ಲವರು ಎರಡು ವರ್ಷದ ಸಂಶೋಧನೆಗೆ ಏಕೆ ಇಡಬಾರದು?

ಆದರೆ ಹಣ ಕೂಡಿದ ಮಾತ್ರಕ್ಕೆ ಮರ್ಯಾದೆಯ ಉದ್ಯೋಗ ಆಗುವುದಿಲ್ಲ. ಅದಕ್ಕೆ ಕೆಲವು ಕರಾರು ಬೇಕು.

ಒಂದು, 13 ಲಕ್ಷವೂ ಮೊದಲೇ ಬ್ಯಾಂಕಿನಲ್ಲಿರಬೇಕು. ಪ್ರತಿ ತಿಂಗಳು ಒಂದನೇ ತಾರೀಕಿಗೆ ಹಣ ಖಾತೆಗೆ ಬೀಳಬೇಕು. ದೇಣಿಗೆ ಬಂದ ಮೇಲೆ ಕೊಡುತ್ತೇವೆ ಎನ್ನುವುದಾದರೆ ಜಾಗವನ್ನು ತೆರೆಯುವುದೇ ಬೇಡ.

ಎರಡು, ವಯಸ್ಸಿನ ಮಿತಿ ಬೇಡ. ವಿಜ್ಞಾನದ ನ್ಯಾಷನಲ್ ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್ಪಿಗೆ 35 ವರ್ಷದ ಮಿತಿ ಇಟ್ಟರು. ಮಹಿಳೆಯರಿಗೆ, ಹಿಂದುಳಿದ ಮತ್ತು ಪರಿಶಿಷ್ಟ ವರ್ಗಗಳಿಗೆ ಐದು ವರ್ಷ ಸಡಿಲ. ಪ್ರಯೋಗಶಾಲೆಗೆ ಅದು ಸರಿಯೋ ಏನೋ. ನಮ್ಮಲ್ಲಿ ದುಡಿಯುತ್ತಾ ಓದಿ ನಲವತ್ತಕ್ಕೆ ಪಿಎಚ್.ಡಿ. ಆಗುವವರೇ ಹೆಚ್ಚು. ಅವರನ್ನು ಹೊರಗಿಟ್ಟರೆ ಒಳಗೆ ಉಳಿಯುವವರು ಯಾರು?

ಮೂರು, ಸಂಶೋಧಕರು ಸಂಶೋಧನೆಯನ್ನೇ ಮಾಡಬೇಕು. ದಾನಿಗಳ ಜೀವನಚರಿತ್ರೆ ಬರೆಯಲು, ಸಮಾರಂಭದಲ್ಲಿ ನಿರೂಪಣೆ ಮಾಡಲು, ಸ್ಮರಣ ಸಂಚಿಕೆಯ ಪ್ರೂಫ್ ತಿದ್ದಲು ಅವರನ್ನು ಎಳೆಯಬಾರದು. ಹೆರಿಗೆ ರಜೆ, ಕಾಯಿಲೆಯ ರಜೆ ಕಾಗದದಲ್ಲೇ ಬರೆದಿರಬೇಕು.

ನಾಲ್ಕು, ಆಯ್ಕೆ ವಿಶ್ವವಿದ್ಯಾನಿಲಯದ ಕೈಯಲ್ಲಿರಬೇಕು. ಹಣ ಕೊಟ್ಟವರ ಅಳಿಯನಿಗೋ ಜಾತಿಯವರಿಗೋ ಅಂತ ಹೊರಟರೆ ಇಡೀ ಕೆಲಸ ಹಾಳು.

ಐದು, ಸಂಗ್ರಹವಾದ ಕಾಗದಪತ್ರ, ಮಾತಿನ ಧ್ವನಿಮುದ್ರಣ ಎಲ್ಲ ಲೈಬ್ರರಿಗೆ ಸೇರಿ ಯಾರು ಬೇಕಾದರೂ ನೋಡುವಂತಿರಬೇಕು. ಅಟ್ಟದ ಮೇಲಿನ ಕಟ್ಟುಗಳು ಇನ್ನೊಂದು ಹುಟ್ಟಬಾರದು.

ಹಿರಿಯರು ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. "ಶಂ.ಬಾ. ಜೋಶಿಯವರಿಗೆ ಯಾವ ಫೆಲೋಶಿಪ್ ಇತ್ತಪ್ಪ? ನಿಜವಾದ ಆಸಕ್ತಿ ಇದ್ದವರು ಹಣ ಕೇಳದೆ ಮಾಡುತ್ತಾರೆ." ಈ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಯೋಚಿಸಿ ನೋಡಿ. ಶಂ.ಬಾ. ಅವರು ಶಾಲಾ ಮಾಸ್ತರರಾಗಿದ್ದರು, ತಿಂಗಳ ಸಂಬಳ ಇತ್ತು. ಇದೇ ಮುಂಬಯಿಯಲ್ಲಿ ಶ್ರೀನಿವಾಸ ಹಾವನೂರರು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗ್ರಂಥಪಾಲಕರಾಗಿದ್ದವರು. 'ಹೊಸಗನ್ನಡದ ಅರುಣೋದಯ' ಎಂಬ ದೊಡ್ಡ ಗ್ರಂಥ 1974ರಲ್ಲಿ ಹೊರಬಂತು. ಮುಂದೆ ಅವರು ಇದೇ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಕ್ಕೆ ಬಂದರು. ಅವರ ಪರಿಶ್ರಮಕ್ಕೆ ಕೈಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರ ಸಂಶೋಧನೆಯ ಬೆನ್ನಿಗೂ ಒಂದು ಕಾಯಂ ಕೆಲಸ ಇತ್ತು. ಇವತ್ತಿನ ಸಂಶೋಧಕರಿಗೆ ಆ ಕಾಯಂ ಕೆಲಸವೇ ಇಲ್ಲ. ಬುಡ ಕಿತ್ತು ತೆಗೆದು, ಹಿಂದಿನ ಮರ ಎಷ್ಟು ಚೆನ್ನಾಗಿ ಹಣ್ಣು ಬಿಡುತ್ತಿತ್ತು ಅಂತ ಹೇಳಿದರೆ ಏನು ಪ್ರಯೋಜನ?

ಇನ್ನೊಂದು ಆಕ್ಷೇಪ, ಎರಡು ವರ್ಷ ಆದ ಮೇಲೆ ಆ ವ್ಯಕ್ತಿಯ ಗತಿ ಏನು ಎಂಬುದು. ನ್ಯಾಯವಾದ ಪ್ರಶ್ನೆ. ನಾವು ಹುಟ್ಟಿಸುವ ಜಾಗವೂ ತಾತ್ಕಾಲಿಕವೇ, ಅದನ್ನು ಮುಚ್ಚಿಡಬಾರದು. ಆದರೆ ಎರಡು ವರ್ಷದ ನಂತರ ಅವರ ಕೈಯಲ್ಲಿ ಅಚ್ಚಾದ ಪುಸ್ತಕವೊಂದು, ಲೈಬ್ರರಿಯಲ್ಲಿ ಅವರ ಹೆಸರಿನ ಸಂಗ್ರಹವೊಂದು, ಬಾಕಿ ಇಲ್ಲದ ಸಂಬಳದ ದಾಖಲೆ ಇರುತ್ತದೆ. ಅದೇ ಐದು ತಿಂಗಳ ಬಾಕಿಗೂ ಇದಕ್ಕೂ ಇರುವ ವ್ಯತ್ಯಾಸ.

ಪೋಸ್ಟ್ ಡಾಕ್‌ಗೆ ಹೊರಡುವ ನಮ್ಮ ಅಣ್ಣ ಅಕ್ಕಂದಿರಿಗೂ ಒಂದು ಮಾತು. ನೇಮಕದ ಕಾಗದಕ್ಕೆ ಸಹಿ ಹಾಕುವ ಮುಂಚೆ ಕೇಳಬೇಕಾದ್ದನ್ನು ನಾಚಿಕೆ ಬಿಟ್ಟು ಕೇಳಿ. ಹಣ ಎಲ್ಲಿಂದ ಬರುತ್ತದೆ, ಮಂಜೂರಾಗಿದೆಯೋ ಆಗಬೇಕಾಗಿದೆಯೋ? ಎಷ್ಟು ತಿಂಗಳು? ಬಾಡಿಗೆ ಭತ್ಯೆ ಸೇರಿದೆಯೋ ಇಲ್ಲವೋ? ಬರೆದ ಲೇಖನದಲ್ಲಿ ನಿಮ್ಮ ಹೆಸರು ಎಲ್ಲಿರುತ್ತದೆ? ವಿದ್ವತ್ತಿನ ಜಾಗದಲ್ಲಿ ಹಣದ ಮಾತು ಎತ್ತಬಾರದು ಎನ್ನುವ ಸಂಕೋಚ ನಮ್ಮವರಲ್ಲಿ ಬಹಳ. ಕನ್ನಡ ಶಾಲೆಯಲ್ಲಿ ಓದಿದ ನಮಗೆ ಇಂಗ್ಲಿಷ್ ಕಾಗದದ ಮುಂದೆ ಆ ಸಂಕೋಚ ಇಮ್ಮಡಿಯಾಗುತ್ತದೆ. ಬೇಕಾದರೆ ಕಾಗದ ತನ್ನಿ. ನಮ್ಮ ಸಂಘದ ಕಾಮರ್ಸ್ ಹುಡುಗರು ಜೊತೆಗೆ ಕುಳಿತು ಸಾಲು ಸಾಲು ಓದುತ್ತೇವೆ.

ಸಂಘದ ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ 13 ಲಕ್ಷದ ವಿಚಾರವನ್ನು ಅಜೆಂಡಾದಲ್ಲಿ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ. ನಮ್ಮ ಕಾಲೇಜಿನ ಸಂಘದ ಶಕ್ತಿ ಎಷ್ಟು ಅಂತ ನನಗೆ ಗೊತ್ತಿದೆ. ಈ ಪತ್ರಿಕೆಯ ಸ್ಟೆನ್ಸಿಲಿಗೂ ಕಾಗದಕ್ಕೂ ನಾವು ತಲೆಗೆ ಇಷ್ಟು ಅಂತ ಹಾಕುವವರು. ಆದರೆ ದೊಡ್ಡ ಸಂಘಗಳಿಗೆ 26 ಪತ್ರ ಬರೆಯಲು ಅಂಚೆ ಖರ್ಚು ಮಾತ್ರ ಸಾಕು. ನನ್ನ ಲೆಕ್ಕದಲ್ಲಿ ತಪ್ಪು ಕಂಡವರು ಸಭೆಗೆ ಬಂದು ತಿದ್ದಲಿ. ತಪ್ಪು ಕಾಣದವರು ಪೆನ್ನು ತೆಗೆದುಕೊಂಡು ಬರಲಿ, ವಿಳಾಸ ಬರೆಯುವ ಕೆಲಸ ಇದೆ.